ದೊಡ್ಡಮ್ಮನ ಹಿಮ್ಮಡಿ

ಕಾಲುಚೀಲ ತೆಗೆದಿದ್ದು ಉಗುರು ಕತ್ತರಿಸೋಣ ಅಂತ. ಬಲಗಾಲಿನದು ಸಲೀಸಾಗಿ ಬಂತು. ಎಡಗಾಲಿನದು ಹಿಮ್ಮಡಿಗೆ ಅಂಟಿಕೊಂಡಿತ್ತು. ಮೆಲ್ಲಗೆ ಬಿಡಿಸಿದರೂ ದೊಡ್ಡಮ್ಮ ನಿದ್ದೆಯಲ್ಲೇ ಮುಖ ಕಿವುಚಿದರು. ಹಿಮ್ಮಡಿಯ ಹಿಂದೆ ಐದು ರೂಪಾಯಿ ನಾಣ್ಯದಷ್ಟಗಲ ಕಪ್ಪು. ಕೊಳೆ ಇರಬೇಕು ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಹೋಗಲಿಲ್ಲ. ಚರ್ಮವೇ ಸತ್ತು ಗಟ್ಟಿಯಾಗಿತ್ತು.

ವೃದ್ಧಾಶ್ರಮದವರು ಮಂಚದ ತುದಿಯಲ್ಲಿ ಕ್ಲಿಪ್ ಬೋರ್ಡಿಗೆ ಒಂದು ಹಾಳೆ ಸಿಗಿಸಿದ್ದರು. ಮಲಗಿರುವವರ ಮಗ್ಗುಲು ಎರಡು ಗಂಟೆಗೊಮ್ಮೆ ಬದಲಿಸಿ ಟಿಕ್ ಹಾಕುವ ಹಾಳೆ. ಆರು, ಎಂಟು, ಹತ್ತು ಅಂತ ಸಾಲಾಗಿ ಗಂಟೆಗಳು. ವಾರವಾರವೂ ಹೋದಾಗ ಆ ಹಾಳೆ ಕಣ್ಣಿಗೆ ಬೀಳುತ್ತಿತ್ತು, ನೋಡಿ ಸಮಾಧಾನ ಪಟ್ಟುಕೊಳ್ಳುತ್ತಿದ್ದೆ. ಆವತ್ತು ಮೊದಲ ಸಲ ಓದಿದೆ. ಆ ದಿನದ ಸಾಲಿನಲ್ಲಿ ರಾತ್ರಿ ಹತ್ತರವರೆಗೂ ಟಿಕ್ ಬಿದ್ದಿತ್ತು. ಒಂದೇ ನೀಲಿ ಪೆನ್ನು, ಒಂದೇ ಕೈ, ಒಂದೇ ಓರೆ. ಆಗ ಸಂಜೆ ನಾಲ್ಕೂವರೆ.

ಇದನ್ನು ಬರೆಯುವುದಕ್ಕೆ ಒಂದೂವರೆ ವರ್ಷ ಹಿಡಿಯಿತು. ಈ ನಡುವೆ ಆಫೀಸಿನಲ್ಲಿ, ನೆಂಟರಲ್ಲಿ, ಅಪಾರ್ಟ್‌ಮೆಂಟಿನಲ್ಲಿ ನಾಲ್ಕೈದು ಜನ "ಒಳ್ಳೆ ವೃದ್ಧಾಶ್ರಮ ಯಾವುದು ಅಂತ ಹೇಗೆ ಗೊತ್ತಾಗುತ್ತೆ?" ಅಂತ ಕೇಳಿದ್ದಾರೆ. ಕೇಳುವಾಗ ದನಿ ತಗ್ಗಿಸುತ್ತಾರೆ, ಏನೋ ತಪ್ಪು ಮಾಡುತ್ತಿರುವವರ ಹಾಗೆ. ಅವರೆಲ್ಲರಿಗೂ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಹೇಳುತ್ತೇನೆ.

ದೊಡ್ಡಮ್ಮ ಅಂದರೆ ನಮ್ಮಮ್ಮನ ಅಕ್ಕ. ಅರಸೀಕೆರೆ ತಾಲ್ಲೂಕಿನ ಹಳ್ಳಿಗಳಲ್ಲಿ ಮೂವತ್ತೊಂದು ವರ್ಷ ಪ್ರೈಮರಿ ಸ್ಕೂಲ್ ಟೀಚರ್ ಆಗಿದ್ದವರು. ಮಕ್ಕಳಿಲ್ಲ. ದೊಡ್ಡಪ್ಪ ಹೋಗಿ ಹದಿನೆಂಟು ವರ್ಷವಾಯಿತು. ಐದನೇ ಕ್ಲಾಸಿನಿಂದ ಎಸ್ಸೆಸ್ಸೆಲ್ಸಿವರೆಗೆ ನಾನು ಬೆಳೆದದ್ದು ಅವರ ಮನೆಯಲ್ಲೇ. ಮಗ್ಗಿ ತಪ್ಪಿದರೆ ಬೈಯುತ್ತಿರಲಿಲ್ಲ, ತಲೆಗೆ ಎಣ್ಣೆ ಹಚ್ಚುತ್ತಾ ಹಚ್ಚುತ್ತಾ ಮತ್ತೆ ಮೊದಲಿನಿಂದ ಹೇಳಿಸುತ್ತಿದ್ದರು. ಎಪ್ಪತ್ತೈದು ದಾಟಿದ ಮೇಲೆ ಮರೆವು ಶುರುವಾಯಿತು. ಮೊದಲು ಹೆಸರುಗಳು ಹೋದವು, ಆಮೇಲೆ ಒಲೆ ಆರಿಸುವುದು ಹೋಯಿತು, ಆಮೇಲೊಂದು ದಿನ ಬೆಳಗಿನ ಜಾವ ಮೂರು ಗಂಟೆಗೆ ಸೀರೆ ಉಟ್ಟು "ಸ್ಕೂಲಿಗೆ ಹೊತ್ತಾಯ್ತು" ಅಂತ ರಸ್ತೆಗಿಳಿದಿದ್ದರು. ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇ 7.4 ಮಂದಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಸುಮಾರು 88 ಲಕ್ಷ ಜನ. ನಮ್ಮ ಮನೆಯಲ್ಲಿ ಒಬ್ಬರು.

ಬೆಂಗಳೂರಿಗೆ ಕರೆದುಕೊಂಡು ಬಂದು ಎರಡು ವರ್ಷ ನಮ್ಮ ಜೊತೆಯಲ್ಲೇ ಇಟ್ಟುಕೊಂಡೆವು. ನಾನು ಬ್ಯಾಂಕಿಗೆ ಹೋಗಬೇಕು. ಮನೆಗೆ ಬಂದು ನೋಡಿಕೊಳ್ಳುವ ಹುಡುಗಿಯರು ಎರಡು ವರ್ಷದಲ್ಲಿ ಏಳು ಜನ ಬದಲಾದರು. ಆಮೇಲೆ ನಮ್ಮೆಜಮಾನರಿಗೆ ಆಪರೇಷನ್ ಆಯಿತು. ಅಷ್ಟೇ. ಇನ್ನು ಆಗಲ್ಲ ಅಂತ ಅನ್ನಿಸಿದ ಆ ರಾತ್ರಿಯನ್ನು ಇಲ್ಲಿ ವಿವರಿಸಲು ಹೋಗುವುದಿಲ್ಲ. ಅದು ಗೊತ್ತಿರುವವರಿಗೆ ಗೊತ್ತಿದೆ.

ಮೊದಲನೇ ಸಲ ಆಶ್ರಮ ಹುಡುಕಿದಾಗ ನಾನು ಏನೇನು ನೋಡಿದೆ ಅಂತ ಈಗ ನೆನೆಸಿಕೊಂಡರೆ ಸಂಕಟವಾಗುತ್ತದೆ. ಟೈಲ್ಸ್ ನೋಡಿದೆ. ತೋಟ ನೋಡಿದೆ. ಬಾಗಿಲಲ್ಲಿ ದೊಡ್ಡ ಗಣಪತಿ, ಸಂಜೆ ಭಜನೆ, ಗೋಡೆಯ ಮೇಲೆ ಹುಟ್ಟುಹಬ್ಬದ ಕೇಕಿನ ಫೋಟೋಗಳು. ಎಲ್ಲ ಕಡೆ ಸಿಸಿಟಿವಿ, ಮೊಬೈಲಿನಲ್ಲೇ ನೋಡಬಹುದು ಎಂದರು. ಶನಿವಾರ ಬೆಳಗ್ಗೆ ಹನ್ನೊಂದಕ್ಕೆ ಅವರೇ ಕೊಟ್ಟ ಸಮಯಕ್ಕೆ ಹೋಗಿದ್ದೆ. ಎಲ್ಲರೂ ಸ್ನಾನ ಮಾಡಿ, ತಲೆ ಬಾಚಿಕೊಂಡು, ವರಾಂಡದ ಕುರ್ಚಿಗಳಲ್ಲಿ ಕೂತಿದ್ದರು. ದೊಡ್ಡಮ್ಮ ಆಗ ವಾಕರ್ ಹಿಡಿದು ನಡೆಯುತ್ತಿದ್ದರು. ತೂಕ ಐವತ್ತೆರಡು ಕೆಜಿ.

ಮೂರನೇ ತಿಂಗಳಿಗೆ ಅವರು ಹೆಚ್ಚು ಹೊತ್ತು ಮಲಗಿರತೊಡಗಿದರು. "ಕಾಯಿಲೆ ಮುಂದುವರೀತಾ ಇದೆ ಮೇಡಂ" ಎಂದರು. ನಂಬಿದೆ. ಹಿಮ್ಮಡಿ ನೋಡಿದ ದಿನ ಕೂಗಾಡಿ ಔಷಧಿ ಪಟ್ಟಿ ತರಿಸಿಕೊಂಡಾಗ ಗೊತ್ತಾಯಿತು: ಹಗಲೊಂದು, ರಾತ್ರಿ ಒಂದು ಕ್ವೆಟಿಯಾಪಿನ್ ಅನ್ನುವ, ಮಂಪರು ತರುವ ಮನೋರೋಗದ ಮಾತ್ರೆ ಕೊಡುತ್ತಿದ್ದರು. ನಮಗೆ ಹೇಳಿರಲಿಲ್ಲ. ಸಂಜೆಯಾದರೆ "ಮನೆಗೆ ಹೋಗಬೇಕು" ಅಂತ ಓಡಾಡುತ್ತಿದ್ದರಂತೆ, ಅದಕ್ಕೆ. ಈ ಜಾತಿಯ ಮಾತ್ರೆಗಳನ್ನು ಮರೆವಿನ ಕಾಯಿಲೆಯ ವೃದ್ಧರಿಗೆ ಕೊಟ್ಟರೆ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಕೆ ಕೊಟ್ಟಿದೆ. ಕೊಡಲೇಬಾರದು ಅಂತಲ್ಲ. ಕೆಲವರಿಗೆ ಕೆಲವು ಕಾಲ ಬೇಕಾಗುತ್ತದೆ, ಆಗಾಗ ಪರಿಶೀಲಿಸಿ ಕಡಿಮೆ ಮಾಡುತ್ತಾ ಬರಬೇಕು ಎಂದು ಆಮೇಲೆ ನೋಡಿದ ಡಾಕ್ಟರು ತಾಳ್ಮೆಯಿಂದ ತಿಳಿಸಿ ಹೇಳಿದರು. ಆದರೆ ನೋಡಿಕೊಳ್ಳುವವರು ಸಾಲದು ಅಂತ ಮಾತ್ರೆ ಕೊಟ್ಟು ಮಲಗಿಸುವುದು ಬೇರೆ. ಮಲಗಿದವರು ಉಣ್ಣುವುದಿಲ್ಲ. ಉಣ್ಣದವರ ಮೈ ಒಣಗುತ್ತದೆ. ಒಣಗಿದ ಮೈಯ ಎಲುಬು ಹಾಸಿಗೆಗೆ ಒತ್ತುತ್ತದೆ. ಹೀಗೆ ಒಂದಕ್ಕೊಂದು ಕೊಂಡಿ. ಏಳು ತಿಂಗಳಿಗೆ ದೊಡ್ಡಮ್ಮನ ತೂಕ ನಲವತ್ತನಾಲ್ಕು. ಒಂದು ತಿಂಗಳಲ್ಲಿ ಶೇ 5, ಆರು ತಿಂಗಳಲ್ಲಿ ಶೇ 10 ಇಳಿದರೆ ಅದು ಅಪಾಯದ ಗುರುತು ಅಂತ ನನಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿರಬೇಕಿತ್ತು. ತೂಕದ ಪುಸ್ತಕ ಕೇಳಿದರೆ ಸೇರಿಸಿದ ದಿನದ ತೂಕವೊಂದೇ ಇತ್ತು.

ಹಾಸಿಗೆ ಹುಣ್ಣಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಆಶ್ರಮದ ಆರೈಕೆ ಎಂಥದ್ದು ಅನ್ನುವುದಕ್ಕೆ ಇದಕ್ಕಿಂತ ಖಚಿತವಾದ ಸಾಕ್ಷಿ ನನಗೆ ಸಿಕ್ಕಿಲ್ಲ. ಒಂದೇ ಕಡೆ ಒತ್ತಿಕೊಂಡು ಮಲಗಿದರೆ ಎಲುಬು ಮತ್ತು ಹಾಸಿಗೆಯ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹರಿಯುವುದು ನಿಲ್ಲುತ್ತದೆ. ಹಿಮ್ಮಡಿ, ಬೆನ್ನು ಮುಗಿಯುವ ಕಡೆಯ ಎಲುಬು, ಸೊಂಟದ ಪಕ್ಕ, ಮೊಣಕೈ, ಹಿಂದಲೆ ಇವು ಮೊದಲು ಹೋಗುವ ಜಾಗಗಳು. ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಬೇಗ. ಶುರುವಿನಲ್ಲಿ ಚರ್ಮ ಒಡೆದಿರುವುದಿಲ್ಲ, ಕೆಂಪಗಿರುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೆ ಒಂದು ಕ್ಷಣ ಬಿಳಿಚಿಕೊಂಡು ಮತ್ತೆ ಕೆಂಪಾದರೆ ಇನ್ನೂ ರಕ್ತ ಓಡುತ್ತಿದೆ. ಒತ್ತಿದರೂ ಬಣ್ಣ ಬದಲಾಗದಿದ್ದರೆ ಒಳಗೆ ಪೆಟ್ಟು ಬಿದ್ದಾಗಿದೆ. ನಮ್ಮ ಮೈಬಣ್ಣಕ್ಕೆ ಆ ಕೆಂಪು ಸುಲಭವಾಗಿ ಕಾಣುವುದಿಲ್ಲ. ಕೈಯಿಟ್ಟು ನೋಡಬೇಕು. ಪಕ್ಕದ ಚರ್ಮಕ್ಕಿಂತ ಬಿಸಿ ಇದೆಯೇ, ಗಟ್ಟಿ ಇದೆಯೇ, ಊದಿಕೊಂಡಂತಿದೆಯೇ, ಅಲ್ಲಿ ಮಾತ್ರ ಬಣ್ಣ ಸ್ವಲ್ಪ ನೇರಳೆಗೆ ತಿರುಗಿದೆಯೇ ಅಂತ. ಮೀನಖಂಡದ ಕೆಳಗೆ ದಿಂಬು ಕೊಟ್ಟು ಹಿಮ್ಮಡಿ ಹಾಸಿಗೆಗೆ ತಾಕದಂತೆ ಮೇಲೆತ್ತಿಟ್ಟರೆ ಸಾಕು, ಹಿಮ್ಮಡಿ ಉಳಿಯುತ್ತದೆ. ಒಂದು ದಿಂಬು! ದೊಡ್ಡಮ್ಮನಿಗೆ ಆ ಒಂದು ದಿಂಬನ್ನು ಯಾರೂ ಕೊಟ್ಟಿರಲಿಲ್ಲ. ಆ ಹುಣ್ಣು ಮಾಯಲು ಐದು ತಿಂಗಳು ಬೇಕಾಯಿತು.

"ವಯಸ್ಸಾದೋರಿಗೆ ಇದೆಲ್ಲ ಸಹಜ ಮೇಡಂ" ಅಂದರು ಮ್ಯಾನೇಜರ್. ಕೊನೆಕೊನೆಯ ದಿನಗಳಲ್ಲಿ ಎಷ್ಟು ನೋಡಿಕೊಂಡರೂ ಕೆಲವರಿಗೆ ಹುಣ್ಣಾಗುತ್ತದೆ, ಅದು ನಿಜ. ನಮ್ಮ ವಿಷಯದಲ್ಲಿ ಅದು ನಿಜವಾಗಿರಲಿಲ್ಲ. ಆ ಟಿಕ್‌ಗಳು ಅದಕ್ಕೆ ಸಾಕ್ಷಿ.

ಇಂಥ ಕಡೆ ಯಾರು ತಪಾಸಣೆ ಮಾಡುತ್ತಾರೆ ಅಂತ ಆಗ ಹುಡುಕಿದೆ. ಹಿರಿಯ ನಾಗರಿಕರಿಗೆ 2007ರ ಪಾಲನೆ, ಪೋಷಣೆಯ ಕಾಯ್ದೆ ಇದೆ. ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಕೊಟ್ಟು ಮಕ್ಕಳಿಂದ ಜೀವನಾಂಶ ಕೇಳಬಹುದು. ಮಕ್ಕಳಿಲ್ಲದವರಾದರೆ ಅವರ ಆಸ್ತಿಗೆ ಹಕ್ಕುದಾರರಾಗುವ ನೆಂಟರ ಮೇಲೂ ಆ ಹೊಣೆ ಬೀಳುತ್ತದೆ. ಜಿಲ್ಲೆಗೆ ಒಂದಾದರೂ, ಕನಿಷ್ಠ 150 ಬಡ ವೃದ್ಧರಿಗೆ ಜಾಗ ಇರುವಂಥ ವೃದ್ಧಾಶ್ರಮ ತೆರೆಯುವ ಮಾತೂ ಅದರ 19ನೇ ಕಲಮಿನಲ್ಲಿದೆ. ಆದರೆ ತಿಂಗಳಿಗೆ ಇಷ್ಟು ಅಂತ ದುಡ್ಡು ತೆಗೆದುಕೊಂಡು ಖಾಸಗಿಯವರು ನಡೆಸುವ ಮನೆಗಳೆಲ್ಲ ನೋಂದಣಿ ಮಾಡಿಸಬೇಕು, ಕನಿಷ್ಠ ಗುಣಮಟ್ಟ ಪಾಲಿಸಬೇಕು ಎಂಬ ಮಾತು ಬಂದದ್ದು 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ತಂದ ತಿದ್ದುಪಡಿ ಮಸೂದೆಯಲ್ಲಿ. ಸ್ಥಾಯಿ ಸಮಿತಿಗೆ ಹೋಯಿತು, ವರದಿಯೂ ಬಂತು, ಆ ಲೋಕಸಭೆಯ ಅವಧಿ 2024ರಲ್ಲಿ ಮುಗಿಯುವವರೆಗೂ ಅಂಗೀಕಾರವಾಗಲಿಲ್ಲ. ಹೋಟೆಲಿಗೆ ಲೈಸೆನ್ಸ್ ಕೇಳುತ್ತೇವೆ. ತಾನಾಗಿ ಮಗ್ಗುಲು ತಿರುಗಲೂ ಆಗದವರನ್ನು ಬಿಟ್ಟು ಬರುವ ಜಾಗದ ಬಗ್ಗೆ ಇಷ್ಟು ಉಡಾಫೆ ಹೇಗೆ ಸಾಧ್ಯ ಅಂತ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಅಣ್ಣನ ಮಗಳು ಇಂಗ್ಲೆಂಡಿನಲ್ಲಿ ಇಂಥದೇ ಒಂದು ಮನೆಯಲ್ಲಿ ನರ್ಸ್. ಅಲ್ಲಿ ಸಿಕ್ಯೂಸಿ ಎಂಬ ಸರ್ಕಾರಿ ಸಂಸ್ಥೆ ಬಂದು ನೋಡಿ ನಾಲ್ಕು ದರ್ಜೆಗಳಲ್ಲಿ ಒಂದನ್ನು ಕೊಡುತ್ತದೆ, ಆ ದರ್ಜೆಯನ್ನು ಮನೆಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕಲೇಬೇಕು, ವರದಿಯನ್ನು ಯಾರು ಬೇಕಾದರೂ ಓದಬಹುದು. "ಅತ್ತೆ, ಆ ದರ್ಜೆ ಇದ್ರೂ ನಾವು ಮನೆಯೋರಿಗೆ ಹೇಳೋದು ಒಂದೇ. ಊಟದ ಹೊತ್ತಿಗೆ ಬನ್ನಿ, ಹೇಳದೇ ಬನ್ನಿ" ಅಂದಳು.

ಎರಡನೇ ಸಲ ಒಂಬತ್ತು ಕಡೆ ಹೋದೆ. ಎಲ್ಲ ಕಡೆಗೂ ಸಂಜೆ ಏಳರ ಮೇಲೆ.

ಸಂಜೆ ಏಳು ಅಂದರೆ ಆಫೀಸಿನವರು ಮನೆಗೆ ಹೋಗಿರುತ್ತಾರೆ, ಹಗಲಿನ ಪಾಳಿ ಮುಗಿಯುತ್ತಿರುತ್ತದೆ, ರಾತ್ರಿಯವರು ಬರುತ್ತಿರುತ್ತಾರೆ. ಇಬ್ಬರೂ ನಿಂತು ಒಂದು ನಿಮಿಷ ಮಾತಾಡಿಕೊಳ್ಳುತ್ತಾರೆಯೇ, ಇಲ್ಲ ಒಬ್ಬರು ಬ್ಯಾಗ್ ಹಾಕಿಕೊಂಡು ಹೊರಟೇಬಿಡುತ್ತಾರೆಯೇ ನೋಡಬೇಕು. "ಮೂರನೇ ರೂಮಿನ ತಾತ ಮಧ್ಯಾಹ್ನದಿಂದ ನೀರು ಕುಡಿದಿಲ್ಲ" ಅನ್ನುವ ಒಂದು ಮಾತು ದಾಟದೇ ಹೋದರೆ ಬೆಳಗ್ಗೆ ತಾತ ಆಸ್ಪತ್ರೆಯಲ್ಲಿರುತ್ತಾರೆ. ಒಂದು ಕಡೆ ನೋಟ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಿ ಹೋಗುತ್ತಿದ್ದರು. ಅಕ್ಷರ ಕಾಗುಣಿತವೆಲ್ಲ ತಪ್ಪುತಪ್ಪು. ನನಗದು ಮುತ್ತಿನಂತೆ ಕಂಡಿತು.

ವಾಸನೆ ಬಗ್ಗೆ ಎಲ್ಲರೂ ಹೇಳುತ್ತಾರೆ. ಉಚ್ಚೆ ವಾಸನೆ ಬಂದರೆ ಕೆಟ್ಟ ಜಾಗ ಅಂತ. ಅಷ್ಟು ಸರಳವಲ್ಲ. ಮೂವತ್ತು ಜನ ವೃದ್ಧರಿರುವ ಮನೆಯಲ್ಲಿ ಯಾವುದೋ ಹೊತ್ತಿಗೆ ಯಾವುದೋ ರೂಮಿನಲ್ಲಿ ವಾಸನೆ ಬಂದೇ ಬರುತ್ತದೆ, ಡೈಪರ್ ಬದಲಿಸಿದ ಮೇಲೆ ಹೋಗುತ್ತದೆ. ಗೋಡೆಗೆ, ಹಾಸಿಗೆಗೆ, ಪರದೆಗೆ ಇಳಿದು ಕೂತ ಹಳೆಯ ವಾಸನೆ ಬೇರೆ. ಇನ್ನೊಂದು, ಫಿನೈಲ್ ಕಣ್ಣುರಿಯುವಷ್ಟು ಹೊಡೆಯುತ್ತಿದ್ದರೆ ಏನನ್ನು ಮುಚ್ಚಲು ಅಂತ ನಾನು ಯೋಚಿಸುತ್ತೇನೆ. ಎಲ್ಲ ಕಡೆಯೂ ಬಾತ್‌ರೂಮಿಗೆ ಹೋಗಬೇಕು ಅಂತ ಕೇಳಿ, ಅತಿಥಿಗಳದ್ದಕ್ಕಲ್ಲ, ಅಲ್ಲಿರುವವರದ್ದಕ್ಕೇ ಹೋದೆ. ನೆಲ ಒದ್ದೆಯೇ, ಹಿಡಿದುಕೊಳ್ಳಲು ಕಮೋಡಿನ ಪಕ್ಕ ಕಂಬಿ ಇದೆಯೇ, ಆ ಕಂಬಿ ನನ್ನ ಭಾರ ತಡೆಯುತ್ತದೆಯೇ ಅಂತ ನಿಜವಾಗಿಯೂ ಜಗ್ಗಿ ನೋಡಿದೆ. ಒಂದು ಕಡೆ ಕೈಗೆ ಬಂತು. ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾಗುತ್ತದೆ, ಹೊರಗಿನವರು ತೆಗೆಯಲಾಗುವುದಿಲ್ಲ. ಒಂಬತ್ತರಲ್ಲಿ ಎರಡೇ ಕಡೆ ಇದನ್ನು ಯೋಚಿಸಿ ಬಾಗಿಲು ಹೊರಕ್ಕೆ ತೆರೆಯುವಂತೆ ಮಾಡಿದ್ದರು.

ಎಲ್ಲಕ್ಕಿಂತ ಮುಖ್ಯವಾಗಿ ಕೇಳಿದ್ದು ರಾತ್ರಿ ಎಷ್ಟು ಜನ ಇರುತ್ತೀರಿ ಅಂತ. "ಸ್ಟಾಫ್ ಹದಿನಾರು ಜನ ಇದ್ದಾರೆ ಮೇಡಂ" ಅನ್ನುತ್ತಾರೆ. ಅದರಲ್ಲಿ ಅಡುಗೆಯವರು, ಡ್ರೈವರ್, ವಾಚ್‌ಮ್ಯಾನ್ ಎಲ್ಲ ಸೇರಿರುತ್ತಾರೆ. ರಾತ್ರಿ ಎರಡು ಗಂಟೆಗೆ ಎಚ್ಚರವಿದ್ದು ಮಂಚದ ಹತ್ತಿರ ಬರುವವರು ಎಷ್ಟು? ಒಂದು ಕಡೆ ಮೂವತ್ತೆರಡು ಜನಕ್ಕೆ ಇಬ್ಬರು ಎಂದರು. ಅವರ ಮುಂದೆಯೇ ಲೆಕ್ಕ ಹಾಕಿದೆ, ಬ್ಯಾಂಕಿನವಳ ಅಭ್ಯಾಸ. ಮಲಗಿದಲ್ಲೇ ಇರುವವರು ಹತ್ತು ಮಂದಿ. ಒಬ್ಬರ ಮಗ್ಗುಲು ಬದಲಿಸಿ, ಒದ್ದೆಯಾಗಿದ್ದರೆ ಒರೆಸಿ, ದಿಂಬು ಸರಿಮಾಡಲು ಇಬ್ಬರು ಸೇರಿ ಹತ್ತು ನಿಮಿಷ. ಹತ್ತು ಮಂದಿಗೆ ನೂರು ನಿಮಿಷ. ಎರಡು ಗಂಟೆಯಲ್ಲಿ ಉಳಿದದ್ದು ಇಪ್ಪತ್ತು ನಿಮಿಷ. ಅಷ್ಟರಲ್ಲಿ ಮಿಕ್ಕ ಇಪ್ಪತ್ತೆರಡು ಜನಕ್ಕೆ ನೀರು, ಬಾತ್‌ರೂಮು, ಭಯ, ಕೆಮ್ಮು. ಆಮೇಲೆ ಮತ್ತೆ ಮೊದಲಿನಿಂದ. ಹನ್ನೆರಡು ಗಂಟೆಯ ಪಾಳಿ. ಈ ಲೆಕ್ಕದಲ್ಲಿ ಆ ಇಬ್ಬರು ಸುಳ್ಳು ಟಿಕ್ ಹಾಕದೆ ಬೇರೆ ದಾರಿಯೇ ಇಲ್ಲ. ಅಲ್ಲಿ ಕೂತಾಗ ಹಳೆಯ ಜಾಗದ ಆ ನೀಲಿ ಪೆನ್ನಿನ ಹುಡುಗಿಯ ಮೇಲಿದ್ದ ನನ್ನ ಕೋಪ ಕರಗಿ, ಅವಳಿಗೆ ಆ ಲೆಕ್ಕ ಕೊಟ್ಟವರ ಕಡೆಗೆ ತಿರುಗಿತು.

ಆ ಹುಡುಗಿಯರು ಎಲ್ಲೆಲ್ಲಿಂದ ಬಂದವರು! ರಾಯಚೂರು, ಯಾದಗಿರಿ, ಒಡಿಶಾ, ಜಾರ್ಖಂಡ್, ಅಸ್ಸಾಂ. ಅವರು ಎಲ್ಲಿ ಮಲಗುತ್ತಾರೆ ಅಂತ ಕೇಳಿ ನೋಡಿ. ಒಂದು ಕಡೆ ಮೆಟ್ಟಿಲ ಕೆಳಗೆ ಚಾಪೆ ತೋರಿಸಿದರು. ಸಂಬಳ ಎಷ್ಟು ಅಂತ ಕೇಳಿದರೆ ಮ್ಯಾನೇಜರು ಹೇಳುವುದಿಲ್ಲ, ಆಯಾಗಳು ಹೇಳುತ್ತಾರೆ. ಎಷ್ಟು ವರ್ಷದಿಂದ ಇದ್ದೀರಿ ಅನ್ನುವ ಪ್ರಶ್ನೆಗೆ "ನಾನು ಬಂದು ಹದಿನೈದು ದಿನ", "ನಾನು ಹೋದ ತಿಂಗಳು" ಅಂತ ಸಾಲಾಗಿ ಉತ್ತರ ಬಂದರೆ ಅಲ್ಲಿಂದ ಎದ್ದು ಬನ್ನಿ. ಮರೆವಿನವರಿಗೆ ಮುಖ ಬದಲಾದರೆ ಲೋಕವೇ ಬದಲಾದಂತೆ.

"ಇಲ್ಲಿ ಯಾರಾದರೂ ಬೀಳುತ್ತಾರಾ?" ಅಂತಲೂ ಕೇಳುತ್ತಿದ್ದೆ. ಆರು ಕಡೆ "ಇಲ್ಲವೇ ಇಲ್ಲ ಮೇಡಂ, ನಮ್ಮಲ್ಲಿ ಇವತ್ತಿನವರೆಗೂ ಒಬ್ಬರೂ ಬಿದ್ದಿಲ್ಲ" ಎಂದರು. ಎಂಬತ್ತು ದಾಟಿದವರು ಇಪ್ಪತ್ತು ಮೂವತ್ತು ಜನ ಓಡಾಡಿಕೊಂಡಿರುವ ಮನೆಯಲ್ಲಿ ಒಬ್ಬರೂ ಬೀಳದಿರಬೇಕಾದರೆ ಒಂದೋ ಎಲ್ಲರನ್ನೂ ಮಂಚಕ್ಕೆ ಕಟ್ಟಿ ಹಾಕಿರಬೇಕು, ಇಲ್ಲ ಮಾತ್ರೆ ಕೊಟ್ಟು ಮಲಗಿಸಿರಬೇಕು, ಇಲ್ಲ ಸುಳ್ಳು ಹೇಳುತ್ತಿರಬೇಕು. ಬಿದ್ದಾಗ ಏನು ಮಾಡುತ್ತಾರೆ, ಎಲ್ಲಿ ಬರೆದಿಡುತ್ತಾರೆ, ಮನೆಯವರಿಗೆ ಎಷ್ಟು ಹೊತ್ತಿನೊಳಗೆ ತಿಳಿಸುತ್ತಾರೆ, ಯಾವ ಆಸ್ಪತ್ರೆ, ಆಂಬುಲೆನ್ಸ್ ಯಾರದು ಎಂಬುದನ್ನು ಹೇಳಲು ಬಂದವರು ಮೂವರೇ.

ಬೀಗದ ವಿಷಯ. ಮರೆವಿನವರು ಹೊರಗೆ ಹೋಗಿಬಿಡುತ್ತಾರೆ, ಗೇಟಿಗೆ ಬೀಗ ಬೇಕು, ಒಪ್ಪುತ್ತೇನೆ. ಆದರೆ ಒಂದು ಕಡೆ ರಾತ್ರಿ ಎಂಟಾದರೆ ಮೊದಲ ಮಹಡಿಯ ಕಬ್ಬಿಣದ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಕೆಳಗೆ ವಾಚ್‌ಮ್ಯಾನಿಗೆ ಕೊಡುತ್ತಿದ್ದರು. ಮೇಲೆ ಹದಿನಾಲ್ಕು ಜನ, ಅದರಲ್ಲಿ ಐವರು ವೀಲ್‌ಚೇರಿನವರು. ನನಗೆ ಏರ್ವಾಡಿ ನೆನಪಾಯಿತು. 2001ರ ಆಗಸ್ಟ್ 6, ತಮಿಳುನಾಡಿನ ರಾಮನಾಥಪುರ ಜಿಲ್ಲೆ, ಮಾನಸಿಕ ಕಾಯಿಲೆಯವರನ್ನು ಸರಪಳಿಯಲ್ಲಿ ಕಟ್ಟಿಹಾಕಿದ್ದ ಒಂದು ಚಪ್ಪರದ ಆಶ್ರಮಕ್ಕೆ ಬೆಂಕಿ ಬಿದ್ದು 28 ಮಂದಿ ಸತ್ತರು. ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. 2023ರ ಹೊಸವರ್ಷದ ದಿನ ಬೆಳಗಿನ ಜಾವ ದೆಹಲಿಯ ಗ್ರೇಟರ್ ಕೈಲಾಶ್‌ನಲ್ಲಿ, ಸ್ಥಿತಿವಂತರ ಬಡಾವಣೆಯ ಹಿರಿಯರ ಆರೈಕೆ ಮನೆಯಲ್ಲಿ ಬೆಂಕಿ ಬಿದ್ದು ಇಬ್ಬರು ವೃದ್ಧೆಯರು ತೀರಿಕೊಂಡರು. ದುಡ್ಡು ಕೊಟ್ಟ ಕಡೆ ಬೆಂಕಿ ಬೀಳುವುದಿಲ್ಲ ಅಂತೇನಿಲ್ಲ. ಕೀಲಿ ಆ ಮಹಡಿಯಲ್ಲೇ, ಎಚ್ಚರವಿರುವವರ ಸೊಂಟದಲ್ಲೇ ಇರಬೇಕು. ನಡೆಯಲಾಗದವರು ನೆಲಮಹಡಿಯಲ್ಲಿರಬೇಕು. ಬೆಂಕಿ ಆರಿಸುವ ಸಿಲಿಂಡರಿನ ಮೇಲೆ ತಾರೀಖಿನ ಚೀಟಿ ಇರುತ್ತದೆ, ಓದಿ. ಇನ್ನೊಂದು ಮೆಟ್ಟಿಲಿದ್ದರೆ ಅದರ ಮೇಲೆ ಹಳೆಯ ಹಾಸಿಗೆ, ಮುರಿದ ಕುರ್ಚಿ ಒಟ್ಟಿದ್ದಾರೆಯೇ ನೋಡಿ. ಒಟ್ಟಿರುತ್ತಾರೆ.

ಹಣದ ಕರಾರಿನ ಬಗ್ಗೆ ಒಂದೆರಡು ಮಾತು ಸಾಕು. ಅಡ್ವಾನ್ಸ್ ಯಾವಾಗ ವಾಪಸ್, ಆಸ್ಪತ್ರೆಯಲ್ಲಿದ್ದ ದಿನಗಳಿಗೂ ಪೂರ್ತಿ ಕೊಡಬೇಕೇ, ಡೈಪರ್ ಔಷಧಿ ಬೇರೆಯೇ, ಕಾಯಿಲೆ ಹೆಚ್ಚಾದರೆ "ನಮ್ಮಿಂದ ಆಗಲ್ಲ, ಕರಕೊಂಡು ಹೋಗಿ" ಅನ್ನುತ್ತಾರೆಯೇ, ಇವಿಷ್ಟನ್ನು ಬರೆಸಿಕೊಳ್ಳಬೇಕು. ನರ್ಸಿಂಗ್ ಆರೈಕೆಯೂ ಇದೆ ಅನ್ನುವವರನ್ನು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ (ಕೆಪಿಎಂಇ) ನೋಂದಣಿ ಇದೆಯೇ ಅಂತ ಕೇಳಬಹುದು. ಏನಾದರೂ ಅನುಮಾನ ಬಂದರೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಇದೆ. ಫೋನ್ ಮಾಡಲು ಹಿಂಜರಿಯಬೇಡಿ.

ಒಂಬತ್ತನೆಯ ಜಾಗ ಮೈಸೂರಿನ ಹೊರವಲಯದಲ್ಲಿ. ಹಳೆಯ ಮನೆ, ರೆಡ್ ಆಕ್ಸೈಡ್ ನೆಲ, ಒಂದು ಗೋಡೆಗೆ ತೇವ ಹತ್ತಿತ್ತು. ಹೇಳದೇ ಹೋಗಿದ್ದೆ, ಊಟದ ಹೊತ್ತು. ಮೇಲ್ವಿಚಾರಕಿ "ಕೂತ್ಕೊಳಿ, ಊಟ ಬಡಿಸಿ ಆಮೇಲೆ ಮಾತಾಡ್ತೀನಿ" ಅಂತ ನನ್ನನ್ನು ಅರ್ಧ ಗಂಟೆ ಕಾಯಿಸಿದರು. ಅಲ್ಲೇ ಕೂತು ನೋಡುತ್ತಿದ್ದೆ. ಮೂಲೆಯಲ್ಲಿ ಒಬ್ಬ ಆಯಾ ಒಂದು ಅಜ್ಜಿಗೆ ಉಣ್ಣಿಸುತ್ತಿದ್ದಳು. ಅಜ್ಜಿಯನ್ನು ನೆಟ್ಟಗೆ ಕೂರಿಸಿ ಬೆನ್ನಿಗೆ ದಿಂಬು ಕೊಟ್ಟಿದ್ದಳು. ತಾನು ನಿಂತುಕೊಂಡಿರಲಿಲ್ಲ, ಸ್ಟೂಲ್ ಎಳೆದುಕೊಂಡು ಅಜ್ಜಿಯ ಕಣ್ಣಿನ ಮಟ್ಟಕ್ಕೆ ಕೂತಿದ್ದಳು. ಹಿಸುಕಿದ ಅನ್ನ, ಸಾರು, ಅರ್ಧ ಚಮಚ. ಬಾಯಿಗಿಟ್ಟ ಮೇಲೆ ಅವಳ ಕಣ್ಣು ಅಜ್ಜಿಯ ಗಂಟಲ ಮೇಲೆ. ಗಂಟಲ ಗುಬ್ಬಿ ಮೇಲೆದ್ದು ಇಳಿಯುವವರೆಗೆ ಮುಂದಿನ ಚಮಚ ಎತ್ತುತ್ತಿರಲಿಲ್ಲ. ಒಮ್ಮೆ ಇಳಿಯಲಿಲ್ಲ. ಅವಳು ಕಾದಳು. "ನುಂಗಜ್ಜಿ" ಅಂದಳು. ಮತ್ತೆ ಕಾದಳು. ಇಳಿಯಿತು. ಗಂಟಲಿನ ಶಕ್ತಿ ಹೋದವರಿಗೆ ಗಬಗಬ ಉಣ್ಣಿಸಿದರೆ ಅನ್ನ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ, ಎಷ್ಟೋ ವೃದ್ಧರು ಹೋಗುವುದೇ ಹಾಗೆ. ಊಟ ಮುಗಿದ ಮೇಲೂ ಅರ್ಧ ಗಂಟೆ ಮಲಗಿಸಬಾರದು. ಆ ಅಜ್ಜಿಯನ್ನು ಮಲಗಿಸಲಿಲ್ಲ. ಬಾಯಿ ಒರೆಸಿ ಕಿಟಕಿಯ ಹತ್ತಿರ ತಿರುಗಿಸಿ ಕೂರಿಸಿದಳು.

ಆಮೇಲೆ ಮೇಲ್ವಿಚಾರಕಿಗೆ, ಎಲ್ಲ ಕಡೆ ಕೇಳಿದ್ದ ಆ ಕೊನೆಯ ಪ್ರಶ್ನೆ ಕೇಳಿದೆ. "ಯಾರೂ ನೋಡಕ್ಕೆ ಬರದೇ ಇರೋರು ನಿಮ್ಮಲ್ಲಿ ಇದ್ದಾರಾ? ಅವರು ಒಪ್ಪಿದರೆ ಮಾತಾಡಿಸಬಹುದಾ?" ಮಕ್ಕಳು ವಾರವಾರ ಬರುವವರ ಮಂಚವನ್ನು ಎಲ್ಲರೂ ಚೆನ್ನಾಗಿಟ್ಟಿರುತ್ತಾರೆ. ಕೇಳುವವರೇ ಇಲ್ಲದವರ ಉಗುರು, ಹಲ್ಲು, ಹಿಮ್ಮಡಿ ಹೇಗಿದೆಯೋ ಅದೇ ಆ ಮನೆಯ ನಿಜವಾದ ಮಟ್ಟ. ಬೇರೆ ಕಡೆ ಈ ಪ್ರಶ್ನೆಗೆ ತಡವರಿಸಿದ್ದರು. ಕೆಲವರು "ಅದು ಅವರ ಖಾಸಗಿ ವಿಷಯ" ಎಂದರು. ಆ ಮಾತಿನಲ್ಲೂ ನ್ಯಾಯವಿದೆ, ಒತ್ತಾಯ ಮಾಡಲಿಲ್ಲ. ಇವರು ನಕ್ಕು, "ಈಗ ಊಟ ಮಾಡಿದ್ರಲ್ಲ, ಅವರೇ. ನಾಲ್ಕು ವರ್ಷ ಆಯ್ತು ಯಾರೂ ಬಂದಿಲ್ಲ. ಹೋಗಿ ಮಾತಾಡಿಸಿ, ಖುಷಿ ಪಡ್ತಾರೆ" ಎಂದರು.

ದೊಡ್ಡಮ್ಮನನ್ನು ಸೇರಿಸುವ ದಿನ ಅವರು ಕೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ. ಯಾವ ಕಾಯಿಲೆ, ಯಾವ ಮಾತ್ರೆ ಎಲ್ಲ ಬರೆದುಕೊಂಡ ಮೇಲೆ, "ಏನಂತ ಕರೆದ್ರೆ ತಿರುಗಿ ನೋಡ್ತಾರೆ?" ಅಂದರು. ಅಜ್ಜಿ ಅಂದರೆ ನೋಡುವುದಿಲ್ಲ, ಅಮ್ಮ ಅಂದರೂ ಇಲ್ಲ, ಮಿಸ್ ಅನ್ನಿ ಅಂದೆ. "ಮಿಸ್" ಎಂದರು. ದೊಡ್ಡಮ್ಮ ತಲೆಯೆತ್ತಿದರು. ಮುದ್ದೆ ತಿನ್ನುತ್ತಾರಾ ಅಂತಲೂ ಕೇಳಿದರು. ಮೆತ್ತಗೆ ಮಾಡಿ, ಬಸ್ಸಾರಿನಲ್ಲಿ ಅದ್ದಿ, ಗೋಲಿಯಷ್ಟು ಗೋಲಿಯಷ್ಟು ಕೊಡುತ್ತಾರೆ. ಹಳೆಯ ಜಾಗದಲ್ಲಿ ಏಳು ತಿಂಗಳೂ ಅನ್ನ, ಮೊಸರು.

ಕೊರತೆ ಇಲ್ಲವೆಂದಲ್ಲ. ಬಟ್ಟೆ ಅದಲುಬದಲಾಗುತ್ತದೆ. ದೊಡ್ಡಮ್ಮನ ಕನ್ನಡಕ ಎರಡು ಸಲ ಕಳೆದಿದೆ. ಸೇರಿಸಿ ಮೂರು ತಿಂಗಳಿಗೆ ಒಂದು ದಿನ ಬೆಳಗ್ಗೆ ಐದು ನಲವತ್ತಕ್ಕೆ ಫೋನ್ ಬಂತು. ರಾತ್ರಿ ಪಾಳಿಯ ಆಯಾ. "ಅಕ್ಕಾ, ಮಿಸ್ಸು ಬಿದ್ಬಿಟ್ರು. ಈಗ್ಲೇ, ಹತ್ತು ನಿಮಿಷ ಆಯ್ತು. ಎಚ್ಚರ ಇದ್ದಾರೆ, ಮಾತಾಡ್ತಾ ಇದ್ದಾರೆ, ಸೊಂಟ ನೋವು ಅಂತಾರೆ. ಮಂಚದ ಪಕ್ಕದ ದೀಪ ಹೋಗಿತ್ತು, ನಿನ್ನೇನೇ ಹೇಳ್ಬೇಕಿತ್ತು ನಾನು, ಮರೆತೆ" ಅಂತ ಅಳುತ್ತಿದ್ದಳು. ನಾನು ಮೈಸೂರು ಸೇರುವಷ್ಟರಲ್ಲಿ ಎಕ್ಸ್‌ರೇ ಆಗಿತ್ತು, ಮೂಳೆ ಮುರಿದಿರಲಿಲ್ಲ. ಹೊಸ ದೀಪ ಹಾಕಿದ್ದರು. ಮಿಕ್ಕ ರೂಮುಗಳ ದೀಪಗಳನ್ನೂ ಆವತ್ತೇ ನೋಡಿದ್ದರು. ಯಾರಾದರೂ ಬಿದ್ದರೆ ಬರೆದಿಡುವ ಪುಸ್ತಕದಲ್ಲಿ "ದೀಪ ಇರಲಿಲ್ಲ" ಅಂತ ಬರೆದಿತ್ತು. ನಾನು ಆ ಸಾಲನ್ನು ಫೋಟೋ ತೆಗೆದುಕೊಂಡೆ. ಹಳೆಯ ಹಾಳೆಯ ಫೋಟೋವೂ ನನ್ನ ಫೋನಿನಲ್ಲಿದೆ, ಎರಡೂ ಒಟ್ಟಿಗೇ.

ಈಗ ಹದಿನೈದು ದಿನಕ್ಕೊಮ್ಮೆ ಹೋಗುತ್ತೇನೆ. ವಾರ, ಹೊತ್ತು ಬದಲಿಸುತ್ತೇನೆ. ಅವರಿಗೂ ಗೊತ್ತು, ಬೇಸರ ಮಾಡಿಕೊಳ್ಳುವುದಿಲ್ಲ. ಮೊದಲು ದೊಡ್ಡಮ್ಮನ ಕಾಲುಚೀಲ ತೆಗೆಯುತ್ತೇನೆ. ಎಡ ಹಿಮ್ಮಡಿಯಲ್ಲಿ ಹೊಳೆಯುವ ಒಂದು ತೆಳು ಕಲೆ ಉಳಿದಿದೆ. ಅದರ ಮೇಲೆ ಹೆಬ್ಬೆರಳಿಟ್ಟು ಒತ್ತಿ, ಬಿಟ್ಟು, ನೋಡುತ್ತೇನೆ. ತೂಕದ ಪುಸ್ತಕ ನೋಡುತ್ತೇನೆ, ಹೋದ ತಿಂಗಳು ನಲವತ್ತೊಂಬತ್ತು ಇತ್ತು. ಆಮೇಲೆ ಪಕ್ಕದ ಮಂಚಕ್ಕೆ ಹೋಗುತ್ತೇನೆ. ಕಿಟಕಿ ಅಜ್ಜಿಯ ಮಂಚ ಅದು.

ಹೋದ ಭಾನುವಾರ ಅವರ ಚೀಲ ತೆಗೆದಾಗ ಕೊಬ್ಬರಿ ಎಣ್ಣೆ ವಾಸನೆ ಬಂತು. ಹಿಮ್ಮಡಿ ಎರಡೂ ಮೆತ್ತಗೆ, ಬೆಚ್ಚಗೆ ಇದ್ದವು. ಉಗುರು ಕತ್ತರಿಸಿದ್ದರು. ಅಜ್ಜಿ ನನ್ನ ಮುಖ ನೋಡಿ, "ಯಾರ ಮಗಳವ್ವ ನೀನು?" ಎಂದರು.

"ಪಕ್ಕದ ಮಂಚದ ಮಿಸ್ ಮಗಳು" ಅಂದೆ.

"ಅವ್ರು ಭಾಳ ಸ್ಟ್ರಿಕ್ಟು" ಅಂದರು ಅಜ್ಜಿ. "ನಂಗೆ ಮಗ್ಗಿ ಹೇಳ್ಸುತ್ತಾರೆ."